ಹಪ್ಪಳದ ಮನೆಯಲ್ಲಿ ಹೇಳಿಬಿಟ್ಟ ಕೊಲೆಗಾರ

ಕೊಲೆಗಾರ ಯಾರೆಂಬುದು ಇಡೀ ಬೀದರ್ ಜಿಲ್ಲೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬಳು, ಕಾದಂಬರಿ ಬರೆದು ಅವನನ್ನು ಹುಟ್ಟಿಸಿದ ನನ್ನ ತಂಗಿ. ಇನ್ನೊಬ್ಬಳು ಔರಾದಿನಲ್ಲಿರುವ ಅವಳ ಗೆಳತಿ. ಮೂರನೆಯವಳು ನಾನು. ಗುಟ್ಟು ಬಿದ್ದದ್ದು ನನ್ನ ಬಾಯಿಂದ. ತಪ್ಪು ಹೋಗಿ ಕೂತದ್ದು ಆ ಗೆಳತಿಯ ತಲೆಯ ಮೇಲೆ. ನಾನು ಸುಮ್ಮನಿದ್ದುಬಿಟ್ಟೆ. ನನ್ನ ತಂಗಿಗೆ ಇದ್ದದ್ದೇ ಒಬ್ಬ ಗೆಳತಿ, ಆ ಒಬ್ಬಳೂ ಹೋದಳು. ಇದನ್ನು ಬರೆಯುವಾಗ ನಾಚಿಕೆಯಾಗಬೇಕು, ಆಗುತ್ತದೆ ಕೂಡ. ಆದರೆ ನಡುನಡುವೆ ನಗು ಉಕ್ಕಿ ಬರುತ್ತದೆ. ಅದಕ್ಕೆ ನಾನೇನು ಮಾಡಲಿ?

ನಮ್ಮ ತವರು ಸಾಯಗಾಂವ. ನನ್ನನ್ನು ಭಾಲ್ಕಿಗೆ ಕೊಟ್ಟಿದ್ದಾರೆ. ತಂಗಿ ಬೀದರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಾಳೆ. ನಾನು ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ. ನಮ್ಮಪ್ಪ ಊರಿನ ಬುದ್ಧವಿಹಾರದಲ್ಲಿ ಕೂಡಿದ ಜನಕ್ಕೆಲ್ಲ 'ಮಕ್ಕಳನ್ನು ಓದಿಸಿ' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅವರ ಮನೆಯಲ್ಲೇ ಹಿರಿಮಗಳು ಪಾಟಿಚೀಲ ಗೂಟಕ್ಕೆ ನೇತುಹಾಕಿ, ಇನ್ನು ಹೋಗುವುದಿಲ್ಲ ಎಂದಳು. ನನಗೆ ಓದಿಗಿಂತ ಕೇಳುವುದು ರುಚಿ. ಪುಸ್ತಕ ಹಿಡಿದರೆ ಸಾಲುಗಳು ಇರುವೆಗಳಂತೆ ಕಾಣುತ್ತಿದ್ದವು. ಯಾರಾದರೂ ಹೇಳಿದರೆ ಮಾತ್ರ ಒಂದಕ್ಷರವೂ ಬಿಡದೆ ತಲೆಯಲ್ಲಿ ನಿಲ್ಲುತ್ತಿತ್ತು.

ತಂಗಿಗೆ ಇದು ಗೊತ್ತಿತ್ತು. ಅದಕ್ಕೇ ಕಾದಂಬರಿ ಬರೆಯತೊಡಗಿದಾಗ ಪ್ರತಿ ಭಾನುವಾರ ಭಾಲ್ಕಿಗೆ ಬಂದು, ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಬರೆದಷ್ಟನ್ನೂ ನನಗೆ ಓದಿ ಹೇಳುತ್ತಿದ್ದಳು. ಬೀದರಿನ ಒಂದು ವಾರಪತ್ರಿಕೆ ಅದನ್ನು ಧಾರಾವಾಹಿಯಾಗಿ ಹಾಕುತ್ತಿತ್ತು. ಅಚ್ಚಿಗೆ ಹೋಗುವ ಮೊದಲು ಎರಡು ಬಾಗಿಲು ದಾಟಬೇಕಿತ್ತು. ಒಂದು, ಔರಾದಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಆ ಗೆಳತಿ. ಅವಳು ವಾಕ್ಯ ತಿದ್ದುವವಳು, ಸುಮ್ಮಸುಮ್ಮನೆ ಹೊಗಳದವಳು. ಒಂದು ಅಲ್ಪವಿರಾಮಕ್ಕೂ ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ಜಗಳಾಡುತ್ತಿದ್ದರು. ಇನ್ನೊಂದು ಬಾಗಿಲು ನಾನು. ನನ್ನ ಕೆಲಸ ಬೇಜಾರಾದಾಗ ಆಕಳಿಸುವುದು.

"ಅಕ್ಕಾ, ನೀ ಆಕಳಿಸಿದ್ರ ಆ ಪುಟ ಹರದು ಹಾಕ್ತೇನಿ," ಎನ್ನುತ್ತಿದ್ದಳು.

"ಆಕಳಿಕಿ ನಿದ್ದಿಗಿ ಬಂದಿದ್ದಿದ್ರ?"

"ನಿದ್ದಿದು ಬ್ಯಾರೆ, ಬ್ಯಾಸರದ್ದು ಬ್ಯಾರೆ. ನಾ ಓದೀನಲ್ಲ ಅದನ್ನ."

ಆ ಕಾದಂಬರಿಯ ನಾಯಕಿ ಅಪರಾಧ ಮನಶ್ಶಾಸ್ತ್ರಜ್ಞೆ. ಪೊಲೀಸರಿಗೆ ನೆರವಾಗಲು ಕಲಬುರಗಿಯಿಂದ ಬಂದವಳು. ಬೀದರ್ ಕೋಟೆಯ ಕಂದಕದ ಬಳಿ ಒಂದು ಹೆಣ, ಭಾಲ್ಕಿಯ ರೈಲು ನಿಲ್ದಾಣದಲ್ಲಿ ಒಂದು, ಔರಾದಿನ ಬಸ್ ನಿಲ್ದಾಣದ ಹಿಂದೆ ಒಂದು. ಸತ್ತವರಿಗೆ ಒಬ್ಬರಿಗೊಬ್ಬರ ಸಂಬಂಧವಿಲ್ಲ. ಆದರೆ ಮೂವರ ಅಂಗಿಯ ಗುಂಡಿಗಳೂ ಕತ್ತಿನ ತನಕ ಹಾಕಿವೆ, ಕೂದಲು ಬಾಚಿದೆ, ಗದ್ದ ಸ್ವಲ್ಪ ಮೇಲಕ್ಕೆತ್ತಿದೆ. ಪೊಲೀಸರು ಸತ್ತವರ ವೈರಿಗಳನ್ನು ಹುಡುಕುತ್ತಾರೆ. ಇವಳು ಕೊಂದವನ ರೂಢಿಯನ್ನು ಹುಡುಕುತ್ತಾಳೆ. ಹೆಣದ ಕೂದಲು ಬಾಚುವ ಮನುಷ್ಯ ಬದುಕಿದವರ ನಡುವೆ ಏನು ಕೆಲಸ ಮಾಡುತ್ತಿರಬಹುದು? ಕೊನೆಗೆ ನೋಡಿದರೆ, ಪೊಲೀಸರು ಹೆಣದ ಚಿತ್ರ ತೆಗೆಸಲು ಕರೆಸುತ್ತಿದ್ದ ಫೋಟೊಗ್ರಾಫರನೇ ಕೊಲೆಗಾರ! ಮೊದಲ ಅಧ್ಯಾಯದಿಂದ ಅವಳ ಪಕ್ಕದಲ್ಲೇ ನಿಂತವನು. ಬಿಸಿಲಲ್ಲಿ ಅವಳಿಗೆ ಛತ್ರಿ ಹಿಡಿದವನು.

ತಂಗಿ ಆ ಕೊನೆಯ ಅಧ್ಯಾಯ ಓದಿದ ದಿನ ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ. "ಹಲ್ಕಟ್! ಅಂವ ಆಕಿಗಿ ದಿನಾ ಚಹಾ ಕುಡಸ್ತಿದ್ನಲ್ಲಬೇ!" ಎಂದು ಕೂಗಿದೆ. ತಂಗಿಯ ಮುಖ ಹೂವಿನಂತೆ ಅರಳಿತು.

"ಯಾರ ಮುಂದೂ ಬಾಯಿ ಬಿಡಬ್ಯಾಡ, ಅಕ್ಕಾ. ಅಚ್ಚಾಗೂ ತನ ನೀ, ನಾ, ಔರಾದಿನಾಕಿ. ಅಷ್ಟ."

"ಬಿಡೂದಿಲ್ಲ ತಾಯಿ. ನಾ ಏನ್ ಸಣ್ಣ ಹುಡುಗಿನಾ?"

ಈಗ ಹಪ್ಪಳದ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯಲ್ಲಿ ಬೇಸಿಗೆ ಬಂದರೆ ಹೆಂಗಸರೆಲ್ಲ ಪಾಳಿಯಂತೆ ಒಬ್ಬೊಬ್ಬರ ಮನೆಗೆ ಹೋಗಿ ಹಪ್ಪಳ ಲಟ್ಟಿಸುತ್ತೇವೆ. ಇಂದು ನಿಮ್ಮ ಮನೆಯದು, ನಾಳೆ ನಮ್ಮ ಮನೆಯದು. ಉದ್ದಿನ ಹಿಟ್ಟು ನಾದಿ ಕುಟ್ಟಿದ ಮೇಲೆ ಅಂದಿಗಂದೇ ಮುಗಿಯಬೇಕು, ಹಿಟ್ಟು ಇರುವ ತನಕ ಯಾರೂ ಏಳುವ ಹಾಗಿಲ್ಲ. ಮನೆಯವರು ಚಹಾ ಕೊಡಬೇಕು, ಬಂದವರಲ್ಲಿ ಒಬ್ಬರು ಕತೆ ಹೇಳಬೇಕು. ಒಂದು ಮನೆಯಲ್ಲಿ ತೆಗೆದ ಕತೆ ಆ ಮನೆಯ ಹಿಟ್ಟು ಮುಗಿಯುವುದರೊಳಗೆ ಮುಗಿಯಬೇಕು. ಅರ್ಧಕ್ಕೆ ಬಿಟ್ಟು ಎದ್ದರೆ ಆ ಮನೆಯ ಹಪ್ಪಳ ಎಣ್ಣೆಯಲ್ಲಿ ಅರಳುವುದಿಲ್ಲ ಎಂದು ನಮ್ಮ ಓಣಿಯ ನಂಬಿಕೆ. ನಗುವವರು ನಗಲಿ, ಒಮ್ಮೆ ಅರ್ಧ ಬಿಟ್ಟಾಗ ನಮ್ಮ ಮನೆಯವು ಅರಳಿರಲಿಲ್ಲ.

ಆ ವರ್ಷ ಹಿಂದಿನ ಓಣಿಯಲ್ಲಿ ಒಂದು ಮದುವೆ ಇತ್ತು. ಮದುವೆಯ ಹಪ್ಪಳವೆಂದರೆ ಹಿಟ್ಟು ಬೆಟ್ಟದಷ್ಟು. ಬೆಳಿಗ್ಗೆ ಕೂತವರು ಇದ್ದಬದ್ದ ಕತೆಗಳನ್ನೆಲ್ಲ ಮಧ್ಯಾಹ್ನದೊಳಗೆ ತೀರಿಸಿಬಿಟ್ಟಿದ್ದೆವು. ಮದುಮಗಳ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತೇವೆ. ಆಯಿ ನನ್ನ ಕಡೆ ಲಟ್ಟಣಿಗೆ ತೋರಿಸಿ, "ನೀ ಏನರ ತೆಗಿಯವ್ವಾ. ಹೊಸಾದು ಇರ್ಲಿ. ಹಳೀವು ಕೇಳಿ ಕೇಳಿ ನನ್ ಕಿವಿ ಸವದಾವ," ಎಂದಳು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಕತೆ. ಪತ್ರಿಕೆಯಲ್ಲಿ ಬಂದಷ್ಟನ್ನು ಮಾತ್ರ ಹೇಳೋಣ ಎಂದುಕೊಂಡು ಶುರುಮಾಡಿದೆ.

"ಸೈಕಾಲಜಿ ಮೇಡಂ ಅಂದ್ರ ಏನ್ ಮಾಡ್ತಾಳಬೇ? ಸೂಜಿ ಹಾಕ್ತಾಳೇನು?" ಆಯಿ ಕೇಳಿದಳು.

"ಇಲ್ಲ ಆಯಿ. ಸುಮ್ನ ಕುಂತು ಮಂದಿನ ನೋಡ್ತಾಳ."

"ನೋಡೂದಕ್ಕ ಪಗಾರ ಕೊಡ್ತಾರ? ನಾ ನಮ್ ಸೊಸಿನ ಬಂದಾಗಿಂದ ನೋಡ್ಲತ್ತೀನಿ, ನನಗ್ಯಾರ್ ಕೊಟ್ಟಾರ?"

ಸೊಸೆ ಅಲ್ಲೇ ಹಿಟ್ಟು ಕತ್ತರಿಸುತ್ತಿದ್ದಳು. "ನಾನೂ ನೋಡ್ಲತ್ತೀನ್ರಿ ಅತ್ತಿ, ನಂದೂ ಬಾಕಿ ಅದ," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೊದಲ ಹೆಣ ಸಿಕ್ಕಾಗ ಲಟ್ಟಣಿಗೆಗಳು ನಡೆಯುತ್ತಿದ್ದವು. ಎರಡನೆಯದು ಭಾಲ್ಕಿ ನಿಲ್ದಾಣದಲ್ಲಿ ಸಿಕ್ಕಿತು ಎಂದಾಗ ಅರ್ಧ ನಿಂತವು. ದಿನಾ ನೋಡುವ ಪ್ಲಾಟ್‌ಫಾರ್ಮು, ಭಯವಾಗದೆ ಇರುತ್ತದೆಯೇ? ಮೂರನೆಯದು ಬರುವಷ್ಟರಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯವಳನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ವೈನಿ ಹಿಟ್ಟಿನ ಉಂಡೆಯನ್ನು ಬಾಯಿಯ ಹತ್ತಿರ ಹಿಡಿದು ತಿನ್ನುವುದನ್ನೇ ಮರೆತಿದ್ದಳು. ಅವಳು ಓಣಿಗೆಲ್ಲ ಬುದ್ಧಿ ಹೇಳುವ ಹೆಂಗಸು, ಯಾರ ಮಾತನ್ನೂ ಪೂರ್ತಿ ಕೇಳಿದವಳಲ್ಲ. ಅಂಥವಳು ನನ್ನ ಮುಖ ನೋಡುತ್ತ ಕೂತಿದ್ದಳು.

ಆ ಗಳಿಗೆಯನ್ನು ಹೇಗೆ ಹೇಳಲಿ? ಶಾಲೆಯಲ್ಲಿ ಎದ್ದು ನಿಂತು ಹೇಳು ಎಂದರೆ ನಾನು ಮುಂದಿನವಳ ಬೆನ್ನ ಹಿಂದೆ ಅಡಗುತ್ತಿದ್ದೆ. ಇಲ್ಲಿ ಹದಿನೈದಿಪ್ಪತ್ತು ಹೆಂಗಸರು ನಾನು ಉಸಿರು ಎಳೆದರೆ ಉಸಿರು ಎಳೆಯುತ್ತಿದ್ದರು, ಬಿಟ್ಟರೆ ಬಿಡುತ್ತಿದ್ದರು. ಜಾತ್ರೆಯ ತೊಟ್ಟಿಲಿನಲ್ಲಿ ಮೇಲಕ್ಕೆ ಹೋದ ಹಾಗಿತ್ತು. ಪತ್ರಿಕೆಯಲ್ಲಿ ಬಂದಷ್ಟು ಮುಗಿಯಿತು. ನಾನು ನಿಲ್ಲಿಸಿದೆ.

"ಮುಂದ?" ಎಂದಳು ಆಯಿ.

"ಮುಂದಿಂದು ಇನ್ನಾ ಅಚ್ಚಾಗಿಲ್ಲ, ಆಯಿ."

"ಅಚ್ಚು ಗಿಚ್ಚು ನನಗ ಗೊತ್ತಿಲ್ಲ. ಮದವಿ ಮನಿ ಹಪ್ಪಳ ಇವು. ಬೀಗರ ತಾಟಿನ್ಯಾಗ ಅರಳ್ಲಿಲ್ಲಂದ್ರ ನಿನ್ನ ಹೆಸರ್ ಹೇಳ್ತೇನಿ."

ಆಯಿ ಗದರಿಸಿದಳು, ಕಟ್ಟಳೆ ಇತ್ತು, ಅದಕ್ಕೆ ಹೇಳಿದೆ ಎಂದು ಬರೆದು ತಪ್ಪಿಸಿಕೊಳ್ಳಬಹುದು. ಅದು ಸುಳ್ಳು. ನಾನು ಬೇರೆ ಮುಗಿತಾಯ ಕಟ್ಟಬಹುದಿತ್ತು. ಯಾವನೋ ಹವಾಲ್ದಾರನ ಮೇಲೆ ಹಾಕಿಬಿಟ್ಟಿದ್ದರೆ ಆಯಿಗೂ ಸಮಾಧಾನ, ಹಪ್ಪಳಕ್ಕೂ ಸಮಾಧಾನ. ಕಟ್ಟುವುದು ನನಗೆ ಕಷ್ಟವೂ ಅಲ್ಲ. ಆದರೆ ಆ ಫೋಟೊಗ್ರಾಫರ್ ನನ್ನ ನಾಲಗೆಯ ತುದಿಯಲ್ಲಿ ನಿಂತು ಕುಣಿಯುತ್ತಿದ್ದ.

ನಾನು ಎದ್ದು ನಿಂತೆ. ಮದುಮಗಳ ಹತ್ತಿರ ಹೋಗಿ ಅವಳ ಗದ್ದ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದೆ. ಒಂದು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿದೆ. "ಹಾಂ... ಗದ್ದ ಇಷ್ಟ ಮ್ಯಾಲ... ಈಗ ಜರಾ ನಗ್ರಿ," ಎಂದೆ. ನಗ್ರಿ ಎಂಬ ಮಾತು ತಂಗಿ ಬರೆದದ್ದಲ್ಲ, ನಾನೇ ಸೇರಿಸಿದ್ದು.

ಆಯಿ ಎದೆಗೆ ಕೈ ಹಚ್ಚಿ, "ಯವ್ವಾ! ಫೋಟೋದಾಂವ!" ಎಂದು ಚೀರಿದಳು. ಮದುಮಗಳು ಚೀರಿದಳು. ಎಲ್ಲರೂ ಚೀರಿದರು. ವೈನಿ ಕೈಯಲ್ಲಿದ್ದ ಉಂಡೆಯನ್ನು ಯಾರ ಮೇಲೋ ಎಸೆದಳು. ಹೊರಗೆ ಬಿಸಿಲಲ್ಲಿ ಹಪ್ಪಳ ಕಾಯುತ್ತಿದ್ದ ಗಂಡಸರು ಹಾವು ಹೊಕ್ಕಿತೆಂದು ಕೋಲು ಹಿಡಿದು ಒಳಗೆ ಓಡಿ ಬಂದರು. ಅವರಿಗೆ ಏನೂ ಹೇಳದೆ ಹೊರಗೆ ಅಟ್ಟಿದೆವು.

ಆಮೇಲೆ ನನಗೆ ಎಚ್ಚರವಾಯಿತು. "ಯಾರಿಗೂ ಹೇಳಬ್ಯಾಡ್ರಿ, ನನ್ ತಂಗಿ ಕೊಂದೇ ಹಾಕ್ತಾಳ," ಎಂದು ಕೈ ಮುಗಿದೆ. ಎಲ್ಲರೂ ಹಿಟ್ಟು ಮುಟ್ಟಿ ಆಣೆ ಮಾಡಿದರು. ಸಂಜೆ ಹಾಲು ಹಾಕುವವನು ನನಗೆ ಹಾಲು ಅಳೆಯುತ್ತ, "ಫೋಟೋದಾಂವ ಅಂತಲ್ರಿ ಅಕ್ಕಾ?" ಎಂದ.

ಮದುವೆಗೆ ತಂಗಿಯೂ ಬಂದಿದ್ದಳು. ಭಾಲ್ಕಿಯ ಕಲ್ಯಾಣ ಮಂಟಪ, ಗಂಡಿನ ಕಡೆಯವರು ಔರಾದಿನವರು. ಅಕ್ಷತೆ ಬಿದ್ದ ಮೇಲೆ ಫೋಟೊ ತೆಗೆಯುವವನು ವೇದಿಕೆ ಹತ್ತಿದ. ಪಾಪ, ಇರುವೆಗೂ ನೋವು ಮಾಡದಂಥ ಮನುಷ್ಯ. ಮದುಮಗಳಿಗೆ ಮೆತ್ತಗೆ, "ಗದ್ದ ಜರಾ ಮ್ಯಾಲ ಮಾಡ್ರಿ, ಅವ್ವಾ," ಎಂದ.

ಮದುಮಗಳು ಬುಸ್ಸೆಂದು ನಕ್ಕಳು. ತಡೆದಷ್ಟೂ ನಗು, ಬಾಸಿಂಗ ಜಾರಿತು, ಮದುಮಗನ ಹೆಗಲಿಗೆ ಮುಖ ಒತ್ತಿ ನಕ್ಕಳು. ಕೆಳಗೆ ಕೂತ ನಮ್ಮ ಓಣಿಯ ಹೆಂಗಸರೆಲ್ಲ ಒಂದೇ ರಾಗದಲ್ಲಿ, "ಈಗ ಜರಾ ನಗ್ರಿ!" ಎಂದು ಕೂಗಿದರು. "ಹುಷಾರವ್ವಾ, ಕೊಂದಾಂವ ಇಂವನ!" ಎಂದಳು ಒಬ್ಬಳು. ಫೋಟೊದವನು ತನ್ನ ಅಂಗಿ, ಪ್ಯಾಂಟು ಎಲ್ಲ ತಡವಿ ನೋಡಿಕೊಂಡ. ಗಂಡಿನ ತಾಯಿ ನಮ್ಮ ಆಯಿಯನ್ನು ಬದಿಗೆ ಕರೆದು, "ಹುಡುಗಿಗಿ ಹಿಂಗ ಆಗಾಗ ಬರ್ತದೇನ್ರಿ?" ಎಂದು ಕೇಳಿದಳು.

ನಾನೂ ನಗುತ್ತಿದ್ದೆ. ಪಕ್ಕದಲ್ಲಿ ತಂಗಿ ನಗುತ್ತಿರಲಿಲ್ಲ.

"ಅಕ್ಕಾ, ಇವ್ರಿಗಿ ಹ್ಯಾಂಗ ಗೊತ್ತಾಯ್ತು?"

ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅವಳು ತನ್ನ ಕಾದಂಬರಿಯ ನಾಯಕಿಯೇ ಆಗಿಬಿಟ್ಟಿದ್ದಳು. ಪಾತ್ರೆ ಪೇರಿಸಿದ್ದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು, ಓಣಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದಳು. ಏರುದನಿಯಿಲ್ಲ, ಸಿಟ್ಟಿಲ್ಲ. ಸುಮ್ಮನೆ ಅವರ ಕೈ ನೋಡುತ್ತ ಕೂಡುವುದು. ಅವರು ಅವಳ ಕೈ ನೋಡುತ್ತ ಕೂಡುವುದು. ಆಯಿಯಂತೂ, "ಪಗಾರ ಬರ್ತದೇನವ್ವಾ ಇದಕ್ಕ?" ಎಂದು ಕೇಳಿಯೇಬಿಟ್ಟಳು. ನಾನು ಬೂಂದಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ಆಣೆಗೆ ನಿಂತರು, ಯಾರೂ ನನ್ನ ಹೆಸರು ಹೇಳಲಿಲ್ಲ.

ಕೊನೆಗೆ ವೈನಿ ಬಂದಳು. ನನ್ನನ್ನು ಉಳಿಸಲೆಂದೇ ಬಂದಳು. "ಔರಾದ್ ಕಡಿಂದ ಬಂದದರಿ ಮಾತು. ಬೀಗರು ಹೇಳ್ಕೊಂತ ಬಂದ್ರು," ಎಂದು, ತಂಗಿಯ ಹಿಂದಿನಿಂದ ನನಗೆ ಕಣ್ಣು ಹೊಡೆದಳು. ಔರಾದಿನಲ್ಲಿ ತಂಗಿಗೆ ಯಾರಿದ್ದಾರೆಂದು ವೈನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ತಂಗಿಯ ಮುಖ ಬಿಳಿಚಿತು. "ಅಕ್ಕಾ, ಖರೇನಾ?" ಎಂದು ನನ್ನ ಕಡೆ ತಿರುಗಿದಳು.

ನನ್ನ ಬಾಯಿ ತುಂಬ ಬೂಂದಿ ಇತ್ತು. ಹೌದೂ ಅಲ್ಲದ ಇಲ್ಲವೂ ಅಲ್ಲದ ಹಾಗೆ ತಲೆ ಆಡಿಸಿದೆ. ಬೂಂದಿ ನುಂಗಿದ ಮೇಲೂ ಬಾಯಿ ತೆರೆಯಲಿಲ್ಲ. ನಾನು ಮಾಡಿದ ತಪ್ಪು ಇದು. ಹಪ್ಪಳದ ಮನೆಯದಕ್ಕಿಂತ ಇದು ದೊಡ್ಡದು.

ಮನೆಗೆ ಬರುವ ದಾರಿಯಲ್ಲಿ ತಂಗಿ ನನಗೆ ಪಾಠ ಮಾಡಿದಳು. ಗುಟ್ಟು ಒಡೆಯುವವರಲ್ಲಿ ಒಂದು ಗಾಯ ಇರುತ್ತದಂತೆ. ಗೆಳತಿಗೂ ಬರೆಯುವ ಆಸೆಯಿತ್ತು, ಬರೆಯಲಾಗಲಿಲ್ಲ, ಒಳಗೊಳಗೆ ಹೊಟ್ಟೆ ಉರಿದಿರಬೇಕು. ಎಲ್ಲ ಸರಿಯಾಗಿ ಕೂಡಿಬಂತು. "ಮೂರ್ ಮಂದಿಗಿ ಗೊತ್ತಿತ್ತು. ನಾ ಹೇಳಿಲ್ಲ. ನಿನ್ನ ಹೊಟ್ಟ್ಯಾಗ ಕಿಚ್ಚೇ ಇಲ್ಲ ಅಕ್ಕಾ, ನೀ ಲೆಕ್ಕದಾಗೇ ಬರೂದಿಲ್ಲ," ಎಂದಳು.

ಕಿಚ್ಚಿಲ್ಲ ಎಂಬುದು ನಿಜ. ನಾನು ಹೊಟ್ಟೆಕಿಚ್ಚಿಗೆ ಹೇಳಿದವಳಲ್ಲ. ಆದರೆ ಲೆಕ್ಕಕ್ಕೆ ಬಾರದೆ ಹೋದೆನಲ್ಲ ಎಂದು ಆಗಲೂ ಒಂದು ಚೂರು ಬೇಸರವಾಯಿತು. ಮನುಷ್ಯರ ಬುದ್ಧಿ ನೋಡಿ.

ತಂಗಿ ಗೆಳತಿಯನ್ನು ಏನೂ ಕೇಳಲಿಲ್ಲ. ಅವಳ ಕಾದಂಬರಿಯ ನಾಯಕಿಗೆ ಒಂದು ಪದ್ಧತಿ ಇದೆ. ಅನುಮಾನ ಬಂದವರನ್ನು ಪ್ರಶ್ನಿಸುವುದಿಲ್ಲ, ಮಾತು ನಿಲ್ಲಿಸಿ ಕಾಯುತ್ತಾಳೆ. ತಪ್ಪು ಮಾಡಿದವರು ಮೌನ ತಡೆಯಲಾಗದೆ ತಾವೇ ಬಾಯಿ ಬಿಡುತ್ತಾರೆ. ತಂಗಿಯೂ ಫೋನು ನಿಲ್ಲಿಸಿ ಕಾದಳು. ಅತ್ತ ಗೆಳತಿ ಏನೂ ಮಾಡಿದವಳಲ್ಲ, ಅವಳಿಗೆ ಬಾಯಿ ಬಿಡಲು ಏನಿತ್ತು? ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಇವಳಿಗೆ ಸೊಕ್ಕು ಬಂತು ಎಂದುಕೊಂಡು ಅವಳೂ ಕಾದಳು. ಬೀದರಿನಲ್ಲಿ ಒಬ್ಬಳು, ಔರಾದಿನಲ್ಲಿ ಒಬ್ಬಳು, ಇಬ್ಬರೂ ಓದಿದವರು, ಇಬ್ಬರೂ ಕಾಯುತ್ತ ಕೂತರು. ಒಂದು ಬೇಸಿಗೆ ಹೋಗಿ ಇನ್ನೊಂದು ಬೇಸಿಗೆಯೂ ಹೋಯಿತು.

ಕಾದಂಬರಿಗೆ ಏನೂ ಆಗಲಿಲ್ಲ, ತಮಾಷೆ ಅದೇ. ಪುಸ್ತಕವಾಗಿ ಬಂದಾಗ ಭಾಲ್ಕಿಯವರೇ ಹೆಚ್ಚು ಕೊಂಡರು. ಫೋಟೊದವನೇ ಕೊಲೆಗಾರ ಎಂದು ಗೊತ್ತಿದ್ದರೂ, ಅವನನ್ನು ಹೇಗೆ ಹಿಡಿಯುತ್ತಾಳೋ ನೋಡಬೇಕು ಎಂಬ ಆಸೆ. ಆಯಿಯ ಸೊಸೆ ಓದಿ ಮುಗಿಸಿ ನನಗೆ, "ನಿಮ್ಮಷ್ಟ್ ಛೊಲೊ ಇಲ್ರಿ. 'ಜರಾ ನಗ್ರಿ' ಅನ್ನೂದೇ ಬಿಟ್ಟಾರ ನಿಮ್ ತಂಗಿ," ಎಂದಳು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆದರೆ ಬೀದರಿನಲ್ಲಿ ಪುಸ್ತಕ ಬಿಡುಗಡೆಯ ದಿನ ತಂಗಿ ವೇದಿಕೆಯ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಕರೆಯದವಳು ಬರುತ್ತಾಳೇನೋ ಎಂದು. ಅವತ್ತು ನನಗೆ ನಗು ಬರಲಿಲ್ಲ.

ಒಮ್ಮೆ ಬೀದರ್ ಬಸ್ ನಿಲ್ದಾಣದಲ್ಲಿ ಆ ಗೆಳತಿಯೇ ಎದುರಾದಳು. "ಅಕ್ಕಾ, ಆರಾಮ್ ಇದ್ದೀರೇನ್ರಿ? ನಿಮ್ ತಂಗಿ ಹ್ಯಾಂಗದಾಳ? ಭಾಳ ದೊಡ್ಡಾಕಿ ಆಗ್ಯಾಳಂತ," ಎಂದಳು. ದನಿಯಲ್ಲಿ ಕಟಕಿ ಇತ್ತು, ಕಣ್ಣಲ್ಲಿ ಇರಲಿಲ್ಲ. "ಬಸ್ ಬಂತು, ಬಸ್ ಬಂತು," ಎನ್ನುತ್ತ ಎದುರಿಗೆ ನಿಂತ ಬಸ್ಸು ಹತ್ತಿಬಿಟ್ಟೆ. ಅದು ಬಗದಲ್‌ಗೆ ಹೋಗುವ ಬಸ್ಸು. ಅವಳು ಕೆಳಗೆ ನಿಂತು ಕೈ ಬೀಸುತ್ತಿದ್ದಳು, ಇಳಿಯುವ ಹಾಗಿರಲಿಲ್ಲ. ಬಗದಲ್‌ನಲ್ಲಿ ನನಗೆ ಯಾರೂ ಇಲ್ಲ. ಹೋಗಿ ಒಂದು ಚಹಾ ಕುಡಿದು, ಅದೇ ಬಸ್ಸಿಗೆ ಬಂದೆ. ಕಂಡಕ್ಟರ್ ಎರಡು ಸಲವೂ ನನ್ನ ಮುಖವನ್ನೇ ನೋಡಿದ.

ಕಳೆದ ಮಳೆಗಾಲದಲ್ಲಿ ತಂಗಿ ಎರಡನೆಯ ಕಾದಂಬರಿ ಹಿಡಿದುಕೊಂಡು ಬಂದಳು. ಅದೇ ನಾಯಕಿ, ಹೊಸ ಕೊಲೆಗಾರ. ನಾನು ಶೇಂಗಾ ಸುಲಿಯುತ್ತ ಕೂತೆ. ಎರಡನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬಂದಳು. ನಾಯಕಿಯ ಬಾಲ್ಯದ ಗೆಳತಿ, ಔರಾದಿನ ಶಾಲೆಯಲ್ಲಿ ಟೀಚರು. ಹೊಟ್ಟೆಕಿಚ್ಚಿನಿಂದ ಪೊಲೀಸರ ಗುಟ್ಟುಗಳನ್ನೆಲ್ಲ ಕೊಲೆಗಾರನಿಗೆ ಮುಟ್ಟಿಸುತ್ತಾಳೆ. ತಂಗಿ ಬಹಳ ಚೆನ್ನಾಗಿ ಬರೆದಿದ್ದಳು. ಆ ಹೆಂಗಸು ನಗುವ ರೀತಿ, ಮಾತಿನ ನಡುವೆ ಕನ್ನಡಕ ಒರೆಸುವ ರೀತಿ, ಎಲ್ಲ ಅವಳದೇ. ಓದಿದವರು ಯಾರೂ ಗುರುತು ಹಿಡಿಯದೆ ಇರುವುದಿಲ್ಲ. ಇದು ಅಚ್ಚಾದರೆ ಮತ್ತೆ ಕೂಡುವ ಮಾತೇ ಇಲ್ಲ.

"ನಿಂದ್ರು," ಎಂದೆ. "ಆಕಿ ಅಲ್ಲ. ಹೇಳ್ದಾಕಿ ನಾನು."

ತಂಗಿ ಹಾಳೆಯಿಂದ ತಲೆ ಎತ್ತಿ ನನ್ನನ್ನು ನೋಡಿ ಪ್ರೀತಿಯಿಂದ ನಕ್ಕಳು. "ಅಕ್ಕಾ, ನೀ ಭಾಳ ಛೊಲೊ ಮನಸಿನಾಕಿ. ಮಂದಿನ ಉಳಸ್ಲಿಕ್ಕೆ ಮಾಡದಿದ್ದ ತಪ್ಪ ತಮ್ಮ ಮ್ಯಾಲ ತೊಗೊಳ್ಳೂದು ಅಂತ ಒಂದದ. ನಾ ಅದ್ರ ಮ್ಯಾಲ ಪಾಠ ಮಾಡ್ತೇನಿ."

ಹೀಗಾಯಿತು ನನ್ನ ಗತಿ! ಒಪ್ಪಿಕೊಂಡರೂ ಹಿಡಿಯುವವರಿಲ್ಲ. ನಾನು ಅಂಗಳದ ಗೋಡೆಯ ಹತ್ತಿರ ಓಡಿ ಪಕ್ಕದ ಮನೆಯ ವೈನಿಯನ್ನು ಕೂಗಿದೆ.

"ವೈನಿ, ಮದವಿ ಹಪ್ಪಳದಾಗ ಕತಿ ಹೇಳ್ದಾಕಿ ನಾ ಹೌದಲ್ಲೊ?"

ವೈನಿ ಗೋಡೆಯ ಮೇಲೆ ತಲೆ ಎತ್ತಿದಳು. ತಂಗಿಯನ್ನು ಕಂಡಳು. "ಇಲ್ಲ ಬಿಡ್ರಿ. ನೀವ್ ಏನೂ ಹೇಳಿಲ್ಲ."

"ಈಗ ಖರೇ ಹೇಳ್ರಿ, ನಾನೇ ಹೇಳ್ಲತ್ತೀನಲ್ಲ!"

"ಹ್ಯಾಂಗ್ ಹೇಳ್ಬೇಕ್ರಿ? ಹಿಟ್ಟ ಮುಟ್ಟಿ ಆಣಿ ಮಾಡೀನಿ."

"ಯಾವ ಆಣಿ?" ಎಂದಳು ತಂಗಿ. ವೈನಿಯ ತಲೆ ಗೋಡೆಯ ಹಿಂದೆ ಇಳಿದುಹೋಯಿತು. ಆ ಕಡೆಯಿಂದ ಬಕೆಟ್ ಉರುಳಿದ ಸದ್ದು ಬಂತು.

ಆದರೂ ತಂಗಿ ಪೂರ್ತಿ ನಂಬಲಿಲ್ಲ. ನಾನು ಅವಳ ಎದುರು ಕೂತು ಮೊದಲಿಂದ ಹೇಳಿದೆ. ಬೆಟ್ಟದಷ್ಟು ಹಿಟ್ಟು, ಆಯಿಯ ಪಗಾರ, ಒಂದೊಂದಾಗಿ ನಿಂತ ಲಟ್ಟಣಿಗೆಗಳು, ಬಾಯಿಯ ಹತ್ತಿರ ಉಂಡೆ ಹಿಡಿದು ಮರೆತ ವೈನಿ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬರುತ್ತಿತ್ತು, ಅಳುತ್ತಲೇ ಇದ್ದೆ. ಆದರೆ ಮದುಮಗಳ ಗದ್ದ ಎತ್ತಿದ ಕಡೆಗೆ ಬಂದಾಗ ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಮುಖ ಊರಗಲ ಅರಳಿತ್ತೆಂದು ತಂಗಿ ಆಮೇಲೆ ಹೇಳಿದಳು. ಅವಳು ಆ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಹಾಳೆಗಳನ್ನು ಮಡಚಿ ಕೆಳಗಿಟ್ಟಳು. ನಂಬಿಕೆ ಬಂದಿತ್ತು.

"ಯಾಕ ಹೇಳ್ದಿ?"

"ಭಾಳ ಖುಷಿ ಆಗಿತ್ತು."

"ಅದೊಂದ್ ಕಾರಣ ಏನು?"

"ನನಗೇನ್ ಗೊತ್ತು? ನೀ ಓದ್ದಾಕಿ."

ಅವಳು ಮಡಚಿಟ್ಟ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, "ಆಕಿ ಮ್ಯಾಲ ಬಂದಾಗ ಸುಮ್ನ ಯಾಕ ಇದ್ದಿ?" ಎಂದಳು.

ಆ ಪ್ರಶ್ನೆಗೆ ಖುಷಿಯ ಉತ್ತರ ಇರಲಿಲ್ಲ. "ನೀ ಭಾನುವಾರ ಬರೂದು ಬಿಡ್ತಿ ಅಂತ ಹೆದರಿದ್ದೆ," ಎಂದೆ. ಅವಳು ಊಟ ಮಾಡದೆ ಬಸ್ಸಿಗೆ ಹೋದಳು. ನಾನು ಸುಲಿದ ಶೇಂಗಾವನ್ನು ಸಿಪ್ಪೆಯ ಜೊತೆ ತಿಪ್ಪೆಗೆ ಹಾಕಿ ಬಂದೆ.

ಮರುದಿನ ಬೆಳಿಗ್ಗೆ ಫೋನು ಬಂತು. "ಔರಾದಿಗಿ ಹೊಂಟೀನಿ. ನೀನೂ ಬಾ. ಬಾಯಿ ನಿಂದು, ನೀನೇ ಹೇಳ್ಬೇಕು."

ಬಸ್ಸಿನಲ್ಲಿ ತಂಗಿ ನನ್ನ ಪಕ್ಕ ಕೂಡಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಮಾಂಜ್ರಾ ನದಿಯ ಸೇತುವೆ ದಾಟುವಾಗ ಕಿಟಕಿಯ ಗಾಜಿನಲ್ಲಿ ನೋಡಿದೆ, ಅವಳ ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದಳು. ಕಾಲೇಜಿನಲ್ಲಿ ನೂರು ಮಕ್ಕಳ ಎದುರು ಮಾತಾಡುವವಳು.

ಗೆಳತಿ ಬಾಗಿಲು ತೆರೆದಳು. "ಬರ್ರಿ ಮೇಡಂ," ಎಂದಳು. ಒಂದೇ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡವರು. ತಂಗಿಯ ಬಾಯಿಪಾಠ ಅಲ್ಲೇ ಹಾರಿಹೋಯಿತು. ನಾನು ನೀರು ಕುಡಿಯುವುದಕ್ಕೂ ತಡೆಯದೆ ಎಲ್ಲ ಹೇಳಿದೆ, ಬೂಂದಿಯ ತನಕ, ಬಗದಲ್ ಬಸ್ಸಿನ ತನಕ. ಗೆಳತಿ ಮೊದಲು ಕನ್ನಡಕ ತೆಗೆದಳು. ಆಮೇಲೆ ಹೆಗಲು ಅಲುಗಿದವು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದು, "ಬಗದಲ್ ಬಸ್ಸು! ನಾ ಕೈ ಸೈತ ಬೀಸಿದ್ದೆ!" ಎಂದು ನಕ್ಕಳು.

ನಗು ನಿಂತ ಮೇಲೆ ತಂಗಿಯ ಕಡೆ ತಿರುಗಿದಳು. "ಅಕ್ಕಾ ಖುಷಿಗಿ ಹೇಳಿದ್ರು, ಹೆದರಿ ಸುಮ್ನಾದ್ರು. ನೀ? ನೀ ಕುಂತು ವಿಚಾರ ಮಾಡಿ ಮಾಡಿ ನನ್ನ ಕಳ್ಳಿ ಮಾಡ್ದಿ."

"ನಾ ಕೇಳ್ಬೇಕಿತ್ತು," ಎಂದಳು ತಂಗಿ.

"ಹೂಂ. ಕೇಳ್ಬೇಕಿತ್ತು."

ತಂಗಿ ಚೀಲದಿಂದ ಹೊಸ ಕಾದಂಬರಿಯ ಆ ಅಧ್ಯಾಯ ತೆಗೆದಳು. ಅವಳ ಎದುರೇ ಹರಿದು ಹಾಕಬೇಕೆಂದು ತಂದಿದ್ದಳು. ಗೆಳತಿ ಕಸಿದುಕೊಂಡು ಓದತೊಡಗಿದಳು. ಓದುತ್ತ ಓದುತ್ತ ಹುಬ್ಬು ಏರಿತು.

"ಏನಿದು? ಗುಟ್ಟೆಲ್ಲ ಪೋಸ್ಟ್ ಕಾರ್ಡಿನ್ಯಾಗ ಬರದು ಹಾಕ್ತಾಳ? ಪೋಸ್ಟಿನಾಂವ ಓದೂದಿಲ್ಲ? ನಾ ಇಷ್ಟ ದಡ್ಡಿ ಏನಲೇ?"

"ಅದನ್ನ ಹರದು ಹಾಕ್ತೇನಿ ಕೊಡು."

"ಹರೀಬ್ಯಾಡ. ಕೆಟ್ಟಾಕಿ ಇರ್ಲಿ, ಆದ್ರ ಬುದ್ಧಿ ಇರ್ಬೇಕು. ನನ್ನ ಮಾರಿ ಹಚ್ಚಿ ನನ್ನ ಬುದ್ಧಿ ಹಚ್ಚಲಿಲ್ಲಂದ್ರ ಹ್ಯಾಂಗ?"

ಕ್ಷಮಿಸಿದೆ ಎಂಬ ಮಾತನ್ನು ಅವಳು ಹೇಳಲಿಲ್ಲ, ಇವತ್ತಿನ ತನಕ ಹೇಳಿಲ್ಲ. ತಂಗಿ ಯಾವಾಗಲಾದರೂ ಮಾತಾಡದೆ ಕೂತರೆ, "ಯಾಕ, ನನಗ ಕಾಯ್ಲತ್ತೀಯೇನು?" ಎಂದು ಚುಚ್ಚುತ್ತಾಳೆ. ತಂಗಿ ತಲೆ ತಗ್ಗಿಸುತ್ತಾಳೆ. ಆದರೆ ಅವತ್ತು ಆ ಹಾಳೆಗಳನ್ನು ಅವಳು ವಾಪಸು ಕೊಡಲಿಲ್ಲ. ಬೇಕಾದರೆ ಬರುವ ಭಾನುವಾರ ಬಂದು ಒಯ್ಯಿ ಎಂದಳು.

ಈಗ ಭಾನುವಾರಗಳು ಔರಾದಿನಲ್ಲಿ. ನಾನೂ ಹೋಗುತ್ತೇನೆ, ಕೇಳುತ್ತೇನೆ, ಬೇಜಾರಾದರೆ ಆಕಳಿಸುತ್ತೇನೆ. ಕೊನೆಯ ಅಧ್ಯಾಯ ಬಂದ ದಿನ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಕ್ಕಾ, ಜರಾ ಕೊತಂಬರಿ ತರ್ತೀರೇನ್ರಿ?" ಎಂದಳು ಗೆಳತಿ. ಬುಟ್ಟಿಯಲ್ಲಿ ಕೊತ್ತಂಬರಿ ಇತ್ತು, ನನಗೂ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ಎದ್ದು ಹೊರಗೆ ಹೋದೆ. ಹಿಂದೆ ಬಾಗಿಲ ಅಗಳಿ ಬಿತ್ತು.

ಬಾಗಿಲಿಗೆ ಕಿವಿ ಇಡಲಿಲ್ಲ ಎಂದು ಬರೆಯಬೇಕೆಂದಿದ್ದೆ. ಇಟ್ಟೆ. ಕೊಲೆಗಾರನ ವಿಷಯ ಒಂದಕ್ಷರವೂ ಕೇಳಿಸಲಿಲ್ಲ. ಒಳಗೆ ಒಂದು ಅಲ್ಪವಿರಾಮಕ್ಕೆ ಇಬ್ಬರೂ ಓಣಿಗೆ ಕೇಳುವಂತೆ ಜಗಳಾಡುತ್ತಿದ್ದರು.